ಬೆರಳಗಲದ ಹಸಿರು

ಸಾಂಬ್ರಾಣಿ ಬಳಿ, 14-3-2004

ಸಾಹೇಬರಿಗೆ ನಿಲೋಫರಳ ನಮಸ್ಕಾರಗಳು.

ನಾನು ಜೋಡಿಸಿಕೊಟ್ಟ ಕಾಡಿನ ನಕಾಶೆ ತಪ್ಪಾಗಿದೆ. ಅದನ್ನು ನಂಬಿ ನಾಳೆ ಮನೆಗಳ ತೆರವಿಗೆ ಜೀಪು ಕಳುಹಿಸಬೇಡಿ.

ಸ್ಕ್ಯಾನ್ ಮಾಡಿದ ಹಳೆಯ ನಕಾಶೆಯ ಎರಡು ಹಾಳೆಗಳ ಬಿಳಿ ಅಂಚನ್ನು ಕಂಪ್ಯೂಟರಿನಲ್ಲಿ ಕತ್ತರಿಸುವಾಗ, ಅವಸರದಲ್ಲಿ ಬೆರಳಗಲ ನಕಾಶೆಯನ್ನೂ ಕತ್ತರಿಸಿಬಿಟ್ಟೆ. ಜೋಡಿಸಿದಾಗ ನಡುವೆ ಖಾಲಿ ಪಟ್ಟಿ ಉಳಿಯಿತು. "ಹಸಿರು ತುಂಬಿಬಿಡು, ಯಾರ ನೋಡ್ತಾರ" ಎಂದಿರಿ. ನಾನು ತುಂಬಿದೆ, ಪಟ್ಟಿಯಷ್ಟೂ ಕಾಡೆಂದಾಯಿತು. ಆ ಬೆರಳಗಲ ನೆಲದ ಮೇಲೆ ಮುಕ್ಕಾಲು ಕಿಲೋಮೀಟರ್. ಅಷ್ಟು ಜಾಗದಲ್ಲಿ ಹನ್ನೊಂದು ಮನೆಗಳಿವೆ. ಹಳೆಯ ಹಾಳೆಯಲ್ಲಿ ಬಾವಿಯ ಸಮೇತ ಇವೆ.

ಇವತ್ತು ಇಲ್ಲಿಗೇ ಬಂದೆ. ಸೋನಿಬಾಯಿ ಎಂಬ ಅಜ್ಜಿ ನನ್ನ ನಕಾಶೆ ನೋಡಿ, "ನಮ್ಮನಿ ಎಲ್ಲೈತಿ, ತೋರ್ಸವ್ವಾ" ಎಂದರು. ಹಸಿರಿನ ಮೇಲೆ ಬೆರಳಿಟ್ಟೆ. "ಬೆರಳ ತಗಿಯವ್ವಾ, ಮನಿ ಕಾಣವಲ್ದು" ಎಂದರು. ತೆಗೆಯಲು ನನಗೆ ಧೈರ್ಯ ಬರಲಿಲ್ಲ.

ತಿದ್ದಿದ ನಕಾಶೆಯ ಸಿ.ಡಿ.ಯನ್ನು ಈ ಪತ್ರದ ಜೊತೆ ಅಜ್ಜಿಯ ಮಗ ಲಾಲಪ್ಪ ತರುತ್ತಾರೆ. ದಯವಿಟ್ಟು ಅವರನ್ನು ಹೊರಗೆ ಕಾಯಿಸಬೇಡಿ. ನಿಮ್ಮ ಉತ್ತರ ಬರುವವರೆಗೆ ನಾನು ಈ ಅಜ್ಜಿಯ ಜಗಲಿ ಬಿಟ್ಟು ಏಳುವುದಿಲ್ಲ. ಜೀಪೇ ಬಂದರೆ ಮೊದಲು ನನ್ನನ್ನು ಎಬ್ಬಿಸಬೇಕಾಗುತ್ತದೆ.

ಇಂತಿ,
ನಿಲೋಫರ
ನಕಾಶೆ ತಯಾರಿಸಿದವಳು