ಊಟದ ನಂತರದ ಮಾತ್ರೆ

ಮಂಗಳವಾರ, ಜುಲೈ ೯

ನನ್ನ ದೊಡ್ಡ ಕೂಸೇ,

ಮನೆಯಲ್ಲಿ ಎಲ್ಲರೂ ಸೌಖ್ಯ ತಾನೆ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೆ, ಹೊಟ್ಟೆಗೆ ಹಾಕಿಕೋ. ಔಷಧಿ ಅಂಗಡಿಯಲ್ಲಿ ನಿಂತು ಊರಿಗೆಲ್ಲ ಬುದ್ಧಿ ಹೇಳಿ ಮನೆಗೆ ಬರುವಷ್ಟರಲ್ಲಿ ನನ್ನ ಬುದ್ಧಿ ಖಾಲಿಯಾಗಿರುತ್ತದೆ.

ಅಪ್ಪನಿಗೆ ಹೊಸ ಮಾತ್ರೆ ಶುರುವಾಗಿದೆ. ಮೆದುಳಿನ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಈ ಆಲ್ಝೈಮರ್ಸ್ ಕಾಯಿಲೆಯಲ್ಲಿ ಬತ್ತುತ್ತಾ ಹೋಗುತ್ತದೆ. ಉಳಿದ ಚೂರುಪಾರು ಬೇಗ ಕರಗಿಹೋಗದಂತೆ ಮಾತ್ರೆ ತಡೆಯುತ್ತದೆ, ಅಷ್ಟೇ. ಕಾಯಿಲೆ ವಾಸಿಯಾಗುವುದಿಲ್ಲ. ಆದರೂ ಮೊನ್ನೆ ನನ್ನ ಗುರುತು ಹಿಡಿದು, "ಏನೇ, ಮುದುಕಿ ಆಗ್ಬಿಟ್ಯಲ್ಲೇ!" ಅಂದರು. ಬೈಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಒಂದೇ ತೊಂದರೆ. ಇದನ್ನು ನುಂಗಿ ಮಲಗಿದರೆ ಕೆಲವರಿಗೆ ಕಣ್ಣಿಗೆ ಕಟ್ಟಿದಂಥ ಕನಸು ಬೀಳುತ್ತದೆ. ಅಪ್ಪ ಮಧ್ಯಾಹ್ನ ಊಟ ಮುಗಿಸಿ, ಮಾತ್ರೆ ನುಂಗಿ ಮಲಗುತ್ತಾರೆ. ಎದ್ದವರೇ, "ಗುಬ್ಬಿ ಬಂದಿದ್ಳು," ಎನ್ನುತ್ತಾರೆ. ನಮ್ಮ ಗುಬ್ಬಿ, ನಿನ್ನ ತಂಗಿ, ಶಾಲೆಗೆಂದು ಹೊರಟು ಲಾರಿಗೆ ಸಿಕ್ಕಿ ಇಪ್ಪತ್ತೆರಡು ವರ್ಷವಾಯಿತೆಂಬುದು ಅವರಿಗೆ ಮರೆತೇಹೋಗಿದೆ. "ಬಾಗಿಲ ಹತ್ರಾನೇ ನಿಂತಿರ್ತಾಳೆ ಕಣೇ. ಎಡಗೆನ್ನೆ ಮುಚ್ಕೊಂಡಿರ್ತಾಳೆ. ಕೈ ತೆಗಿಯಮ್ಮಾ ಅಂದ್ರೆ ತೆಗೆಯಲ್ಲ," ಎಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಮೊದಲ ಸಲ ಕೇಳಿದಾಗ ನಾನು ಎದ್ದು ಹೋಗಿ ಬಾಗಿಲಾಚೆ ನೋಡಿ ಬಂದೆ.

ಡಾಕ್ಟರು, "ಬೆಳಿಗ್ಗೆ ಕೊಡಿ ಮೇಡಂ, ಕನಸು ಕಡಿಮೆ ಆಗುತ್ತೆ. ನಿಮಗೂ ನಾನು ಹೇಳ್ಬೇಕಾ?" ಅಂದರು. ನಿಜ, ಗಿರಾಕಿಗಳಿಗೆ ದಿನಾ ನಾನೇ ಹೇಳುವ ಮಾತು. ಆದರೂ ಮೂರು ವಾರದಿಂದ ಮಧ್ಯಾಹ್ನವೇ ಕೊಡುತ್ತಿದ್ದೇನೆ. ಅವರು ಬೆವೆತು ಹೆದರಿ ಏಳುವುದನ್ನು ನೋಡಿಯೂ, ಪಕ್ಕದಲ್ಲಿ ಕೂತು, "ಇವತ್ತು ಏನಂದ್ಳು?" ಎಂದು ಕೇಳುತ್ತೇನೆ. ಎಂಥ ಹೆಂಡತಿ ನೋಡು ನಾನು!

ನಾಳೆಯಿಂದ ಬೆಳಿಗ್ಗೆ ಕೊಡಲೇ? ಕೊಟ್ಟರೆ ಅಪ್ಪನಿಗೆ ನೆಮ್ಮದಿ, ಆದರೆ ಅವಳು ಬರುವುದು ನಿಂತುಹೋಗುತ್ತದೆ. ನನಗೆ ಕೈ ಬರುತ್ತಿಲ್ಲ, ನೀನೇ ಹೇಳು.

ಮಕ್ಕಳಿಗೆ ನನ್ನ ಮುತ್ತು. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಗುಬ್ಬಿ ಹೋದ ದಿನ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳದೆ ಹಟ ಮಾಡಿದಳೆಂದು ಅವಳ ಎಡಗೆನ್ನೆಗೆ ಬಾರಿಸಿ ಕಳಿಸಿದ್ದೆ. ಅಪ್ಪನಿಗೂ ಹೇಳಿಲ್ಲ, ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಿನ್ನೆ ಮಧ್ಯಾಹ್ನ ನಾನೂ ಒಂದು ಮಾತ್ರೆ ನುಂಗಿ ಅವರ ಪಕ್ಕದಲ್ಲೇ ಮಲಗಿದೆ. ನನಗೆ ಯಾವ ಕನಸೂ ಬೀಳಲಿಲ್ಲ. ಅಪ್ಪ ಎದ್ದು ಹೇಳಿದರು: "ಗುಬ್ಬಿ ಇವತ್ತು ನಿನ್ನ ತಲೆ ಹತ್ರಾನೇ ತುಂಬಾ ಹೊತ್ತು ನಿಂತಿದ್ಳು. ಅಮ್ಮನ್ನ ಎಬ್ಬಿಸ್ಲಾ ಅಂದೆ. ಬೇಡಪ್ಪಾ, ಹೊಡೀತಾಳೆ ಅಂದ್ಳು."