ಮೂರನೇ ಕಂಬದ ಪಕ್ಕದ ಜಾಗ

ಕಾರವಾರ
೧೭ ಸೆಪ್ಟೆಂಬರ್ ೨೦೦೬, ರವಿವಾರ

ಮನಿಷಾ ಮಗಳೇ,

ನಿನಗೆ ಆಯಿಯ ಆಶೀರ್ವಾದ. ನಾವಿಲ್ಲಿ ಹುಷಾರಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೆಂದು ನಂಬಿದ್ದೇನೆ. ನಂಬದೆ ಏನು ಮಾಡಲಿ, ಹುಬ್ಬಳ್ಳಿಯ ತನಕ ಬಂದು ನಿನ್ನ ಪಾತ್ರೆಯ ಮುಚ್ಚಳ ತೆಗೆದು ನೋಡಲಿಕ್ಕಾಗುತ್ತದೆಯೇ?

ಚವತಿಗೆ ಮೊದಲೇ ಕಾಗದ ಹಾಕುತ್ತೇನೆಂದು ಹೇಳಿದ್ದೆ. ಚವತಿ ಬಂತು, ಗಣಪತಿ ನೀರಿಗೂ ಹೋದ, ನನ್ನ ಕಾಗದ ಮಾತ್ರ ಎರಡು ಸಾಲಿನ ಮೇಲೆ ಏಳಲಿಲ್ಲ. ಸಿಟ್ಟು ಮಾಡಬೇಡ. ಅಂಕೋಲೆಯ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವಳ ಕೈ ಇದು, ಇಸವಾಣ ಮೀನು ಕೊಯ್ಯಲು ಓಡುವಷ್ಟು ಬರೆಯಲು ಓಡುವುದಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನ್ ಹಿಡಿದರೆ ನಿನ್ನ ಬಾಬಾ ಪಕ್ಕದಲ್ಲೇ ನಿಲ್ಲುತ್ತಾರೆ. ನಾನೊಂದು ಮಾತು ಹೇಳಿ ಮುಗಿಸುವುದರೊಳಗೆ ಹಿಂದಿನಿಂದ ಅದನ್ನು ತಿದ್ದುತ್ತಾರೆ. ಇವತ್ತು ಬಂಗಡೆ ಬೇಗ ಖಾಲಿಯಾಯಿತು, ಅವರು ಬಲೆ ಹೊಲಿಯಲು ದಂಡೆಗೆ ಹೋಗಿದ್ದಾರೆ, ಅದಕ್ಕೇ ಕೂತಿದ್ದೇನೆ.

ದೊಡ್ಡ ಸುದ್ದಿ ಮೊದಲು ಹೇಳುತ್ತೇನೆ. ಹೋದ ವಾರ ಎಂಥ ಮಳೆ ಅಂದರೆ ದೋಣಿಗಲ್ಲಿಯಲ್ಲಿ ಮೊಣಕಾಲು ಮುಳುಗುವ ನೀರು. ಬಟ್ಟೆ ಅಂಗಡಿಯವನ ಹೊಸ ತಾರಸಿ ಸೋರಿತು, ಬ್ಯಾಂಕಿನೊಳಗೆ ನೀರು ಹೊಕ್ಕಿತು. ನೀನು ನಕ್ಷೆ ಬರೆದು ಕಟ್ಟಿಸಿದ ನಮ್ಮ ಮೀನು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಒಂದು ಹನಿ ಬೀಳಲಿಲ್ಲ. ಕೆಳಗಿನ ಚರಂಡಿಯಲ್ಲಿ ನೀರು ಸದ್ದು ಮಾಡದೆ ಹರಿದುಹೋಯಿತು. ನಾವೆಲ್ಲ ಮೇಲೆ ಕಾಲು ಇಳಿಬಿಟ್ಟು ಕೂತು ಚಾ ಕುಡಿಯುತ್ತಾ ಬಟ್ಟೆ ಅಂಗಡಿಯವನು ನೀರು ಹೊರಹಾಕುವುದನ್ನು ನೋಡಿದೆವು. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ, ಖುಷಿಯೂ ಆಯಿತು. ಹಂಚಿನ ಮಾಡು ಅಂತ ಹೆಚ್ಚು ನಕ್ಕವನೇ ಅವನು.

ನಕ್ಕವರಲ್ಲಿ ನಾನೂ ಇದ್ದೆ ಅನ್ನು. ಇರಲಿ. ಗೊತ್ತಿದ್ದದ್ದನ್ನೇ ಬರೆಯುತ್ತಾಳೆ ಅಂತ ಬೇಜಾರು ಮಾಡಬೇಡ. ನೀನು ಎಲ್ಲವನ್ನೂ ನಕ್ಷೆಯ ಕಡೆಯಿಂದ ನೋಡಿದವಳು, ನಾನು ಬುಟ್ಟಿಯ ಹಿಂದಿನಿಂದ ನೋಡಿದವಳು. ನಿನ್ನ ಬೆನ್ನ ಹಿಂದೆ ಏನೇನಾಯಿತು ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಹಳೇ ಮಾರ್ಕೆಟ್ಟಿನ ಮಾಡು ಒಂದು ಮೂಲೆಯಲ್ಲಿ ಕುಸಿದಾಗ ಮೀನಿನವರ ಸೊಸೈಟಿಯವರು ನಮ್ಮನ್ನು ಹಿಂದಿನ ತಗಡಿನ ಶೆಡ್ಡಿಗೆ ಅಟ್ಟಿದರಲ್ಲ, ಆ ವರ್ಷ ನಾವು ಮೀನಿಗಿಂತ ಮೊದಲು ಬೆಂದೆವು. ಆಗಲೇ ಸೊಸೈಟಿಯ ಚೇರ್ಮನ್ನರು, ದೇವಿದಾಸ ಮಾಸ್ತರರು, ಹೊರಗಿನ ಇಂಜಿನಿಯರರಿಂದ ಒಂದು ಬಣ್ಣದ ಚಿತ್ರ ಮಾಡಿಸಿ ತಂದರು. ಮೂರು ಮಾಳಿಗೆ, ಮುಂದೆಲ್ಲ ನೀಲಿ ಗಾಜು. ಕೆಳಗೆ ಬಾಡಿಗೆ ಅಂಗಡಿಗಳು, ಮೊದಲ ಮಾಳಿಗೆಯಲ್ಲಿ ನಾವು. ಎಲ್ಲರೂ ಬಾಯಿ ಬಿಟ್ಟು ನೋಡಿದೆವು. ಮೀನಿನವಳಿಗೂ ಒಂದು ಗಾಜಿನ ಮನೆ ಬಂತಲ್ಲ ಅಂತ ನಮ್ಮ ಸಾಲಿನ ರುಕ್ಮಿಣಿ ಅಂದಳು. ಮೆಟ್ಟಿಲು ಹತ್ತಿ ಬಂಗಡೆ ಕೊಳ್ಳಲು ಯಾರು ಬರುತ್ತಾರೆ ಅಂತ ಯಾರ ತಲೆಗೂ ಬರಲಿಲ್ಲ.

ದೀಪಾವಳಿಗೆ ಬಂದ ನೀನು ಆ ಚಿತ್ರ ನೋಡಿ ಊಟ ಬಿಟ್ಟೆ. ನಾನೇ ಬೇರೆ ನಕ್ಷೆ ಬರೆಯುತ್ತೇನೆ ಅಂದೆ. ಓಣಿಯ ಕಡೆ ತೆರೆದ ಕಟ್ಟೆ, ಹಳೇ ಚಿರೇಕಲ್ಲಿನ ಕಂಬಗಳನ್ನೇ ನಿಲ್ಲಿಸಿ ಮೇಲೆ ಹಂಚು, ಮಾಡಿನ ತುದಿಯಲ್ಲಿ ಇನ್ನೊಂದು ಸಣ್ಣ ಮಾಡು, ಬಿಸಿ ಮತ್ತು ವಾಸನೆ ಹೊರಗೆ ಹೋಗಲಿಕ್ಕೆ. ಆಗ ನಾನು ಕೇಳಿದ್ದು ನಿನಗೆ ನೆನಪಿರಬೇಕು:

"ಇಷ್ಟೆಲ್ಲ ಓದ್ಕಂಡಿ ಬಂದಿ, ಮತ್ತೆ ಹಂಚೇ ಹಾಕ್ತ್ಯೇನೆ?"

ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ಮಗಳನ್ನು ದೊಡ್ಡ ಕಟ್ಟಡ ಕಟ್ಟಲಿ ಅಂತ ಓದಿಸಿದರೆ ಅವಳು ಅಜ್ಜಿಯ ಕಾಲದ ಮಾಡನ್ನೇ ಮತ್ತೆ ಕಟ್ಟುತ್ತೇನೆ ಅನ್ನುತ್ತಾಳಲ್ಲ ಅಂತ. ಮಾಸ್ತರರೂ ಒಳ್ಳೆಯ ಮಾತಿನಲ್ಲೇ ಹೇಳಿದರು, ಹುಡುಗಿ ಜಾಣೆ, ಆದರೆ ಇದು ಪೇಟೆ, ಪೇಟೆ ಮೇಲಕ್ಕೆ ಬೆಳೆಯಬೇಕು ಅಂತ. ಹಿತ್ತಲ ಗಿಡ ಮದ್ದಲ್ಲ ನೋಡು. ಹೊರಗಿನವನು ಹೇಳಿದ್ದರೆ ಕೈಕಟ್ಟಿ ಕೇಳುತ್ತಿದ್ದರು.

ನೀನು ಮಾತ್ರ ಸೋತವಳ ಹಾಗೆ ಕಾಣಲಿಲ್ಲ. ಕಾಗದದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ, ಒಂದು ಬೆಳಿಗ್ಗೆ ಕೊಡಿ, ಕಟ್ಟಿಯೇ ತೋರಿಸುತ್ತೇನೆ ಅಂದೆ. ಆಮೇಲೆ ಬಾಬಾನ ಹತ್ತಿರ ಹೋಗಿ ಮದುವೆ ಚಪ್ಪರ ಹಾಕುವ ಹಾಗೆ ಹಾಕಿಕೊಡಬೇಕು, ಆದರೆ ನಕ್ಷೆಯಷ್ಟೇ ಉದ್ದ, ನಕ್ಷೆಯಷ್ಟೇ ಅಗಲ ಅಂದೆ. ನಿನ್ನ ಬಾಬಾ ಮದುಮಗಳು ಯಾರು ಅಂತ ಕೇಳಿದರು. ಮಾರ್ಕೆಟ್ಟೇ ಮದುಮಗಳು ಅಂದೆಯಂತೆ. ದಂಡೆಯ ಗಂಡಸರೆಲ್ಲ ಬಿದಿರು, ಹಗ್ಗ, ತೆಂಗಿನ ಮಡಲು ಹೊತ್ತು ತಂದು, ಮಾಡು ಬಿಚ್ಚಿದ ಹಳೇ ಮಾರ್ಕೆಟ್ಟಿನ ಕಂಬಗಳಿಗೇ ಚಪ್ಪರ ಕಟ್ಟಿದರು. ಕಟ್ಟೆಗೆ ಮೀನಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ಹಲಗೆ ಹಾಸಿದರು. ಬಾಬಾನ ಹೆಸರು ಹಿಡಿದೇ, ಕುಪ್ಪನ ಮಗಳಿಗೆ ಹುಚ್ಚು ಹಿಡಿದಿದೆ ಅಂತ ಬಟ್ಟೆ ಅಂಗಡಿಯವನು ಹೇಳುತ್ತಾ ಇದ್ದ. ಹೇಳುತ್ತಲೇ ಒಂದು ಹಗ್ಗ ಹಿಡಿದು ಎಳೆದುಕೊಟ್ಟನಂತೆ.

ಇನ್ನು ಆ ಬೆಳಗಿನ ಜಗಳ. ನಮ್ಮಲ್ಲಿ ಜಾಗ ಅಂದರೆ ಏನು ಅಂತ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಅತ್ತೆ ಕೂತ ಜಾಗದಲ್ಲಿ ಸೊಸೆ ಕೂರುವುದು, ಅವಳ ನಂತರ ಅವಳ ಸೊಸೆ. ಗಿರಾಕಿ ಮನೆಗಳೂ ಹಾಗೆಯೇ ಜಾಗದ ಜೊತೆಗೇ ಬರುತ್ತವೆ. ಅದೆಲ್ಲ ಗೊತ್ತಿದ್ದೇ ನೀನು ನಮ್ಮನ್ನೆಲ್ಲ ಕೇಳಿ ಕೇಳಿ ಬರೆದುಕೊಂಡಿದ್ದೆ. ಹಾಗಿದ್ದೂ ಚಪ್ಪರದಲ್ಲಿ ಬಾಗಿಲ ಎದುರಿನ ಮೊದಲ ಜಾಗದಲ್ಲಿ ಸುಣ್ಣದಲ್ಲಿ ನನ್ನ ಹೆಸರು! ನಾನು ನೋಡುವ ಮೊದಲೇ ರುಕ್ಮಿಣಿ ನೋಡಿದಳು. ಸೊಂಟಕ್ಕೆ ಕೈ ಕೊಟ್ಟು ಓಣಿಗೆಲ್ಲ ಕೇಳುವ ಹಾಗೆ ಅಂದಳು:

"ನಾಗಿ ಮಗ್ಳು ಇಂಜಿನಿಯರ್ ಆದ್ಲು ಅಂದ್ಕಂಡಿ ಬಾಗ್ಲ ಎದ್ರಿನ ಜಾಗ ನಾಗೀಗೇ ಬತ್ತದ್ಯಾ? ಹಂಗಾರೆ ನಮ್ಮ ಮಕ್ಳನ್ನೂ ಓದ್ಸ್ಬೇಕಾಗಿತ್ತು."

ಎಲ್ಲರೂ ನಿನ್ನ ಕಡೆ ತಿರುಗಿದರು. ನಿನ್ನ ಮುಖ ಕೆಂಪಾಯಿತು. ಬೇಕಂತ ಮಾಡಿದ್ದಲ್ಲ ಅಂತ ನನಗೆ ಗೊತ್ತು. ಆಯಿ ಅಂದ ಕೂಡಲೇ ನಿನ್ನ ಕೈ ತಾನಾಗಿ ಮುಂದಿನ ಜಾಗ ಬರೆಯಿತು. ಒಳಗೆ ನನಗೆ ಎಷ್ಟು ಸುಖವಾಯಿತು ಅಂತ ಈಗ ಹೇಳುತ್ತೇನೆ, ಆಗ ಹೇಳಲಿಲ್ಲ. ಆಗ ಬುಟ್ಟಿ ಎತ್ತಿಕೊಂಡು ಹೋಗಿ ನನ್ನ ಅತ್ತೆ ಕೂರುತ್ತಿದ್ದಲ್ಲೇ, ಮೂರನೇ ಕಂಬದ ಪಕ್ಕ ಕೂತೆ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುವ ಜಾಗ ಅದು, ಆದರೂ ನಮ್ಮದು. ಬಾಗಿಲ ಎದುರಿಗೆ ಯಾರ ಅತ್ತೆ ಕೂರುತ್ತಿದ್ದಳೋ ಅವಳ ಸೊಸೆ ಬಂದು ಕೂತಳು. ಒಬ್ಬೊಬ್ಬಳೇ ತನ್ನ ತನ್ನ ಜಾಗ ಹುಡುಕಿಕೊಂಡಳು. ನೀನು ಸುಣ್ಣ ಒರೆಸಿ ಒರೆಸಿ ಮತ್ತೆ ಬರೆದೆ. ಜಗಳ ಅಲ್ಲಿಗೆ ಮುಗಿಯಿತು, ರುಕ್ಮಿಣಿಯೇ ನಿನಗೆ ಚಾ ತರಿಸಿಕೊಟ್ಟಳು.

ಆಮೇಲೆ ವ್ಯಾಪಾರ ಶುರುವಾಯಿತು. ತಗಡಿನ ಶೆಡ್ಡಿನ ಕಡೆ ತಲೆ ಹಾಕದ ಗಿರಾಕಿಗಳೆಲ್ಲ ಬಂದರು, ಕೆಲವರು ಚಪ್ಪರ ಯಾರ ಮದುವೆಯದು ಅಂತ ನೋಡಲು ಬಂದವರು. ಮೇಲಿನ ಸಣ್ಣ ಮಾಡಿನಿಂದ ಗಾಳಿ ಎಳೆಯುತ್ತಿತ್ತು, ಐಸ್ ಬೇಗ ಕರಗಲಿಲ್ಲ. ಆದರೆ ಮಾಸ್ತರರನ್ನು ಸೋಲಿಸಿದ್ದು ಗಾಳಿ ಅಲ್ಲ. ಅವರ ಹೆಂಡತಿ ಮಂದಾಕಿನಿಬಾಯಿ. ಮೊಣಕಾಲು ನೋವಿನಿಂದ ಆ ಹೆಂಗಸು ಮೀನಿಗೆ ಬರುವುದನ್ನೇ ಬಿಟ್ಟಿದ್ದಳು. ಆ ದಿನ ಓಣಿಯಿಂದ ಹಾದುಹೋಗುವಾಗ ನಮ್ಮನ್ನೆಲ್ಲ ಕಂಡು ನೇರ ಒಳಗೆ ಬಂದು, ಅತ್ತ ಇತ್ತ ನೋಡದೆ ಮೂರನೇ ಕಂಬದ ಹತ್ತಿರ ಬುಟ್ಟಿಯ ಎದುರು ನಿಂತು, ನಾಗೀ, ಶೆಟ್ಲಿ ಮೀನು ಇದೆಯೇ ಅಂತ ಕೇಳಿದಳು, ನಿನ್ನೆ ಬಂದು ಹೋದವಳ ಹಾಗೆ. ಮಾಸ್ತರರು ಅಲ್ಲೇ ನಿಂತಿದ್ದರು. ಮೇಲೆ ಮಾಳಿಗೆಯಲ್ಲಿ ಆಗಿದ್ದರೆ ಬರುತ್ತಿದ್ದೆಯಾ ಅಂತ ಹೆಂಡತಿಯನ್ನು ಕೇಳಿದರು. ಅವಳು ಚೌಕಾಸಿ ನಿಲ್ಲಿಸದೆಯೇ ಹೇಳಿದಳು:

"ಮೆಟ್ಲು ಹತ್ಬೇಕಾದ್ರೆ ನೀವೇ ಹತ್ತಿ. ನಾನು ನುಗ್ಗೆಕಾಯಿ ಹುಳಿ ಮಾಡಿ ಬಡಿಸ್ತೆ."

ಮಾಸ್ತರರು ಆ ನೀಲಿ ಗಾಜಿನ ಚಿತ್ರವನ್ನು ಮತ್ತೆ ಯಾರಿಗೂ ತೋರಿಸಲಿಲ್ಲ. ಸಭೆಯಲ್ಲಿ ಎದ್ದು ನಿಂತು, ನಾನು ತಪ್ಪು ತಿಳಿದಿದ್ದೆ, ಕುಪ್ಪನ ಮಗಳ ನಕ್ಷೆಯೇ ಆಗಲಿ ಅಂದರು. ಬಾಡಿಗೆ ಅಂಗಡಿಗಳು ಹಿಂದಿನ ಸಾಲಿಗೆ ಹೋದವು, ಸೊಸೈಟಿಯ ಆಫೀಸು ಅದರ ಮೇಲೆ. ಮಾಸ್ತರರು ಮಾಸ್ತರರೇ, ಎಲ್ಲರ ತಪ್ಪು ತಿದ್ದುವವರು ತಮ್ಮ ತಪ್ಪನ್ನೂ ತಿದ್ದದೆ ಬಿಡಲಿಲ್ಲ.

ನಾರಳಿ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬಂದು ಹೊಸ ಮಾರ್ಕೆಟ್ಟು ತೆರೆದದ್ದನ್ನು ನೀನೇ ಕಣ್ಣಾರೆ ಕಂಡಿದ್ದೀ. ಶ್ರಾವಣ ಅಂತ ಅರ್ಧ ಊರು ಮೀನು ಬಿಟ್ಟಿತ್ತು, ಆದರೂ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿನಗೆ ಶಾಲು ಹೊದಿಸಿದಾಗ ನಿನ್ನ ಬಾಬಾ ಕಂಬದ ಹಿಂದೆ ಹೋಗಿ ಮೂಗು ಒರೆಸಿಕೊಂಡರು, ನೆಗಡಿ ಅಂತ ಈಗಲೂ ಸಾಧಿಸುತ್ತಾರೆ. ನಾನು ಅಳಲಿಲ್ಲ. ನನಗೆ ಜೋರಾಗಿ ಕೂಗಬೇಕು ಅನ್ನಿಸಿತ್ತು, ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಅಂತ.

ನೀನು ಹೋದ ಮೇಲಿನದು ಕೇಳು. ಚವತಿ ಮುಗಿದದ್ದೇ ಜನ ಮುಗಿಬಿದ್ದರು. ಮುದುಕರು ಹಳೇ ಕಂಬ ಮುಟ್ಟಿ ನೋಡುತ್ತಾರೆ, ಮಕ್ಕಳಿಗೆ ನಿಮ್ಮಜ್ಜಿ ಇಲ್ಲೇ ಮೀನು ತರುತ್ತಿದ್ದಳು ಅಂತ ತೋರಿಸುತ್ತಾರೆ. ಓಣಿಯ ಕೊನೆಯ ಹಂಚಿನ ಮನೆಯವರು ಮನೆ ಕೆಡವಿ ತಾರಸಿ ಹಾಕುವವರಿದ್ದರು, ಈಗ ನಿನ್ನನ್ನು ಕೇಳದೆ ಒಂದು ಕಲ್ಲೂ ಎತ್ತುವುದಿಲ್ಲ ಅನ್ನುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಹೊಸದಾಗಿ ವರ್ಗವಾಗಿ ಬಂದ ಸಾಹೇಬರ ಹೆಂಡತಿಯರೂ ಇಲ್ಲಿಗೇ ಬರುತ್ತಾರೆ. ನಾನು ಅವರಿಗೆ ಮೀನಿನ ಜೊತೆ ನಿನ್ನ ವಿಷಯವನ್ನೂ ಕೊಡುತ್ತೇನೆ, ಅದಕ್ಕೆ ಚೌಕಾಸಿ ಇಲ್ಲ.

ಮೊನ್ನೆ ಅಂಕೋಲೆಯಿಂದ ಒಂದು ಟೆಂಪೊ ತುಂಬ ಹೆಂಗಸರು ಬಂದರು. ಮಂಜಗುಣಿಯ ನಮ್ಮ ಕಡೆಯವರೂ ಅದರಲ್ಲಿದ್ದರು. ಅಲ್ಲಿಯೂ ಮೀನಿನವರ ಸೊಸೈಟಿ ಹೊಸ ಮಾರ್ಕೆಟ್ಟು ಕಟ್ಟುತ್ತದಂತೆ. ಕಟ್ಟೆಯ ಮೇಲೆ ಕೂತು ನೋಡಿದರು, ನಲ್ಲಿ ತಿರುಗಿಸಿ ನೋಡಿದರು, ಚರಂಡಿಗೆ ಮೂಗು ಹಿಡಿದು ಬಗ್ಗಿ, ಮೂಗು ಬಿಟ್ಟು ಎದ್ದರು. ನಮಗೂ ಇವಳೇ ಬೇಕು ಅಂದರು. ಮಾಸ್ತರರು ಏನಂದರು ಗೊತ್ತೇ? ಅವಳು ನಮ್ಮ ಓಣಿಯ ಹುಡುಗಿ, ಬಹಳ ಕೆಲಸ ಇರುತ್ತದೆ, ಆದರೂ ನಾನು ಒಂದು ಮಾತು ಹೇಳಿ ನೋಡುತ್ತೇನೆ ಅಂದರು! ನಾನು ಬಾಯಿಗೆ ಸೆರಗು ಹಿಡಿದು ನಕ್ಕೆ. ನಿನ್ನ ವಿಳಾಸ ಕೊಟ್ಟಿದ್ದೇನೆ, ಅವರು ಬರೆಯುತ್ತಾರೆ. ಇಲ್ಲಿಯದನ್ನೇ ಅಲ್ಲಿ ಇಳಿಸಬೇಡ. ಅಂಕೋಲೆಯವರು ಬೇರೆ ಥರ ಕೂರುತ್ತಾರೆ, ಬೇರೆ ಥರ ಜಗಳ ಮಾಡುತ್ತಾರೆ. ಮೊದಲು ಚಪ್ಪರ ಹಾಕು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಬೇಡ. ಒಣ ಶೆಟ್ಲಿ ಕಟ್ಟಿಟ್ಟಿದ್ದೇನೆ, ಯಾರಾದರೂ ಬರುವವರಿದ್ದರೆ ಕಳಿಸುತ್ತೇನೆ. ಸಮುದ್ರತಾಯಿ ನಿನ್ನನ್ನು ಕಾಯಲಿ, ನೀನು ಎತ್ತಿದ ಮಾಡು ಯಾವುದೂ ಸೋರದಿರಲಿ. ಬಾಬಾನ ಆಶೀರ್ವಾದವನ್ನೂ ಸೇರಿಸಿಕೋ, ಅವರು ಇದ್ದಿದ್ದರೆ ಎರಡು ತಿದ್ದುಪಡಿಯ ಜೊತೆ ಕೊಡುತ್ತಿದ್ದರು.

ನಿನ್ನ ಆಯಿ,
ನಾಗಿ

ತಾ.ಕ. — ಇದನ್ನು ಮೇಲೆ ಬರೆಯಲಾಗಲಿಲ್ಲ. ನಿನ್ನೆ ರುಕ್ಮಿಣಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ನಿನಗೆ ಸೊಸೆ ಬರುವ ಹಾಗಿಲ್ಲ ನಾಗಿ, ನಿನ್ನ ಕಾಲದ ನಂತರ ಆ ಜಾಗ ನನ್ನ ಸಣ್ಣ ಸೊಸೆಗೆ ಕೊಡ್ತ್ಯಾ ಅಂತ. ಆಸೆಯಿಂದಲ್ಲ, ಪ್ರೀತಿಯಿಂದಲೇ ಕೇಳಿದಳು, ಜಾಗ ಖಾಲಿ ಬೀಳಬಾರದು ಅಂತ. ನಾನು ಹೂಂ ಅಂದೆ. ನೀನು ಮೀನು ಮುಟ್ಟಬಾರದು, ಓದಬೇಕು ಅಂತಲೇ ನಾನು ಇಷ್ಟು ವರ್ಷ ಅಲ್ಲಿ ಕೂತದ್ದು. ಅಂದುಕೊಂಡಂತೆಯೇ ಆಯಿತು. ಆದರೆ ಹೂಂ ಅಂದ ಮೇಲೆ ಐಸ್ ಪೆಟ್ಟಿಗೆಯ ಹಿಂದೆ ಹೋಗಿ ಅತ್ತುಬಿಟ್ಟೆ. ಹೊಸ ಮಾರ್ಕೆಟ್ಟು ತೆರೆದ ದಿನ ಎಲ್ಲರೂ ಸೊಸೆಯರನ್ನು ಪಕ್ಕ ಕೂರಿಸಿಕೊಂಡಿದ್ದಾಗ ನೀನು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ನನ್ನ ಪಕ್ಕ ಕೂತೆ. ರೇಷ್ಮೆ ಸೀರೆಗೆ ವಾಸನೆ ಹಿಡಿಯುತ್ತದೆ, ಏಳು, ಅತಿಥಿಗಳ ಸಾಲಿನಲ್ಲಿ ಖುರ್ಚಿ ಹಾಕಿದ್ದಾರೆ ಅಂತ ನಾನು ನಿನ್ನ ತೋಳು ಹಿಡಿದು ಎಬ್ಬಿಸಿದೆ. ನೀನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದೆ. ನಮಗೆಲ್ಲರಿಗೂ ಅಲ್ಲಿ ಜಾಗ ಮಾಡಿಕೊಟ್ಟವಳಿಗೆ ಅಲ್ಲಿ ಒಂದು ಖುರ್ಚಿ ಮಾತ್ರ ಸಿಕ್ಕಿತು. ರುಕ್ಮಿಣಿಯ ಸೊಸೆ ದಸರೆ ಮುಗಿದ ಮೇಲೆ ಬಂದು, ಕೆಲಸ ಕಲಿಯಲಿಕ್ಕೆ ನನ್ನ ಪಕ್ಕ ಕೂರುತ್ತಾಳೆ. ಅದಕ್ಕೆ ಮೊದಲು ಒಂದು ಬೆಳಿಗ್ಗೆ ನೀನು ಬಾ. ಹಳೇ ಸೀರೆ ಉಟ್ಟುಕೊಂಡು ಬಾ.