ಮನೆಯ ಹೆಸರು ಹಿಡಿದು

ಅಪ್ಪನಿಗೆ ನಮಸ್ಕಾರ,

ನಾನು ಚೆನ್ನಾಗಿದ್ದೇನೆ. ಬಾಗಿಲು ದಢಾರನೆ ಹಾಕಿಕೊಂಡು ಹೋದವಳು ಒಂದು ಫೋನೂ ಮಾಡಲಿಲ್ಲವೆಂದು ಗೊಣಗುತ್ತಿರುತ್ತೀರಿ. ನೀವೂ ಮಾಡಲಿಲ್ಲ, ಇರಲಿ.

ಇಲ್ಲಿ ಸಮುದಾಯ ಕಾಲೇಜಿನಲ್ಲಿ ನೆಟ್‌ವರ್ಕಿಂಗ್, ಸೈಬರ್ ಭದ್ರತೆ ಕಲಿಯುತ್ತಿದ್ದೇನೆ. ನಮ್ಮ ಫೋನುಗಳು ಗಾಳಿಯಲ್ಲಿ ಏನೇನು ಮಾತಾಡುತ್ತವೆ ಎಂದು ಇವತ್ತು ಮೇಷ್ಟ್ರು ಪರದೆಯ ಮೇಲೆ ತೋರಿಸಿದರು. ಸದ್ದಿಲ್ಲದ ಕೋಣೆಯಲ್ಲಿ ಅಷ್ಟೊಂದು ಗದ್ದಲವಿತ್ತೇ ಎಂದು ಮೈ ಜುಮ್ಮೆಂದಿತು. ನಡುವೆ ಒಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು: ‘ಪಕ್ಕದ್ಮನೆಯವ್ರೇ, ಸಾಕು ಮಾಡಿ’. ಪಕ್ಕದವರ ಕಾಟ ತಾಳಲಾರದೆ ನೀವು ನಮ್ಮ ವೈಫೈಗೆ ಇಟ್ಟ ಹೆಸರು! ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು.

“ಯಾರದಮ್ಮ ಈ ಹಳೇ ಫೋನು? ಹೋದಲ್ಲೆಲ್ಲ ಮನೆ ವೈಫೈ ಹುಡುಕ್ತಾ ಹೆಸರು ಹಿಡಿದು ಕೂಗ್ತಿದೆ. ಆ ಹೆಸರು ಫೋನಿಂದ ಅಳಿಸ್ಬಿಡಿ, ಕಳ್ಳರು ಅದೇ ಹೆಸರಲ್ಲಿ ಓಗೊಟ್ಟು ಮೋಸ ಮಾಡ್ತಾರೆ” ಎಂದರು ಮೇಷ್ಟ್ರು.

ಅವರು ಹೇಳಿದ್ದೇ ಸರಿ. ಕಾಫಿ ಅಂಗಡಿ, ಬಸ್ ನಿಲ್ದಾಣ, ಎಲ್ಲದರ ಹೆಸರನ್ನೂ ಅಳಿಸಿದೆ. ನಮ್ಮ ಮನೆಯದೊಂದನ್ನು ಅಳಿಸಲು ಮಾತ್ರ ಕೈ ಬರಲಿಲ್ಲ. ನಾನು ಬಾಯಿ ಬಿಗಿಹಿಡಿದು ಕೂತಿದ್ದಷ್ಟು ದಿನವೂ ಜೇಬಿನಲ್ಲಿ ಈ ಫೋನು ಮನೆಯನ್ನು ಕರೆಯುತ್ತಲೇ ಇತ್ತಲ್ಲ, ಅಪ್ಪ!

ಪರೀಕ್ಷೆ ಮುಗಿಸಿ ಭಾನುವಾರ ಬರುತ್ತೇನೆ. ಅಲ್ಲಿಯವರೆಗೆ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಬದಲಾಯಿಸಬೇಡಿ. ನಾನು ಹೊರಗೆ ನಿಂತು ಬೆಲ್ ಒತ್ತಲೋ ಬೇಡವೋ ಎನ್ನುವಷ್ಟರಲ್ಲಿ ನನ್ನ ಫೋನು ವೈಫೈ ಹಿಡಿದು ಒಳಗೆ ಬಂದಿರುತ್ತದೆ.

ನಿಮ್ಮ ಹಟಮಾರಿ